ಬೀಗರು ತೆಗೆದ ಕೊಂಕು

ಬೆಳಿಗ್ಗೆಯಿಂದ ವೀಣಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಬಂದಾಗಲೆಲ್ಲ, ಇಲ್ಲಿ ನಗಬಹುದೋ ಬಾರದೋ ಎಂಬ ಅನುಮಾನವೂ ಅದರ ಬೆನ್ನಿಗೇ ಬರುತ್ತಿತ್ತು. ಅವ್ವನ ಮಂಡಿ ಕೈಕೊಟ್ಟಿದ್ದರಿಂದ ತಂಗಿ ಗಗನಳ ಜೊತೆ ಶಿಬಿರದಲ್ಲಿ ಒಂದು ದಿನ ಇರಲು ಅವಳೇ ಬರಬೇಕಾಗಿತ್ತು. ಮದ್ದೂರಿನಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಬರುವಷ್ಟು ಹೊತ್ತೂ, ಅಂಗವಿಕಲರ ಬೇಸಿಗೆ ಶಿಬಿರದಲ್ಲಿ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಮೊಬೈಲಿನ ಕಪ್ಪು ಗಾಜಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಿದ್ದಳು. ತುಟಿ ಸ್ವಲ್ಪ ಬಿಗಿ, ಕಣ್ಣು ಸ್ವಲ್ಪ ತೇವ, ತಲೆ ಒಂದಿಷ್ಟು ವಾರೆ. ಮಂಡ್ಯದ ಗುತ್ತಲಿನ ಹೈಸ್ಕೂಲಿನ ಅಂಗಳಕ್ಕೆ ಕಾಲಿಟ್ಟ ಎರಡು ನಿಮಿಷಕ್ಕೇ ಆ ಮುಖ ಕೆಟ್ಟಿತು. ಅಲ್ಲಿ ಗಾಲಿಕುರ್ಚಿಯವರೆಲ್ಲ ಒಂದು ಕಡೆ, ನಡೆಯುವವರೆಲ್ಲ ಒಂದು ಕಡೆ ಆಗಿ ಲಗೋರಿ ನಡೆದಿತ್ತು. ಎಂಟು ವರ್ಷದ ಹುಡುಗಿಯಿಂದ ಹಿಡಿದು ಐವತ್ತರ ಅಂಚೆ ನೌಕರನವರೆಗೆ ಎಲ್ಲರೂ ಮೋಸ ಮಾಡುತ್ತಿದ್ದರು. ಶಿಬಿರ ನಡೆಸುವ ಜಯಪ್ರಕಾಶ್ ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣು ಕಾಣದು. ಅವರೇ ಅಂಪೈರು. ಚೆಂಡು ಬಿಲ್ಲೆಗೆ ತಗುಲಿದ ಸದ್ದಿನ ಮೇಲೆ ಅವರು ತೀರ್ಪು ಕೊಡುತ್ತಿದ್ದರು, ಆ ತೀರ್ಪಿಗೆ ಎರಡೂ ಕಡೆಯವರು ಬೈಯುತ್ತಿದ್ದರು. ಮಲವಳ್ಳಿ ಕಡೆಯ ರವಿಚಂದ್ರ ಎಂಬ ಇಪ್ಪತ್ತೈದರ ದುಂಡುಮುಖದ ಹುಡುಗ ಆಟದ ನಡುವೆಯೇ ಓಡಿಬಂದು ವೀಣಳ ಕೈಕುಲುಕಿ, ಊಟ ಆಯ್ತಾ ಎಂದು ಕೇಳಿದ. ಆಗಿನ್ನೂ ಎಂಟೂವರೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದು ಕೈಕುಲುಕಿ ಅದನ್ನೇ ಕೇಳಿದ. ಅವನಿಗೆ ಬರುವ ಮಾತು ಅದೊಂದೇ ಎಂದೂ, ಅದೊಂದರಲ್ಲೇ ಅವನ ಲೋಕವೆಲ್ಲ ಸಾಗುತ್ತದೆ ಎಂದೂ ಅವನ ತಾಯಿ ಮರಿತಾಯಮ್ಮ ಹೇಳಿದಳು. ವೀಣ ಮನೆಯಿಂದ ಕಟ್ಟಿಕೊಂಡು ಬಂದ ಕರುಣೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಬ್ಯಾಗಿನ ಜೊತೆ ಕಂಕುಳಲ್ಲಿ ಇರುಕಿಕೊಂಡು ನಿಂತಳು.

ಈಗ ಮಧ್ಯಾಹ್ನ ಒಂದು ಗಂಟೆ. ಶಿಬಿರದ ವ್ಯಾನು ಬಸರಾಳಿನ ಗುಡಿ ತೋರಿಸಿಕೊಂಡು ಕೆರಗೋಡಿನ ಕಡೆಗೆ ಸುತ್ತು ಹಾಕಿ ಬರುತ್ತಿತ್ತು. ಗುಡಿಯಲ್ಲಿ ಮೇಷ್ಟ್ರು ಕಲ್ಲಿನ ಆನೆಯೊಂದರ ಸೊಂಡಿಲನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿ, ಇದಕ್ಕೆ ನೆಗಡಿ ಆಗಿದೆ ಎಂದಿದ್ದರು. ಆ ಮಾತನ್ನು ಹಿಂದಿನ ಸೀಟಿನವರು ಇನ್ನೂ ಹೇಳಿ ಹೇಳಿ ನಗುತ್ತಿದ್ದರು. ಒಳಗೆ ಹದಿನೇಳು ಜನ. ಮೇಲೆ ಕ್ಯಾರಿಯರಿನಲ್ಲಿ ನಾಲ್ಕು ಗಾಲಿಕುರ್ಚಿಗಳನ್ನು ಮಡಿಸಿ, ಡ್ರೈವರ್ ಮಹದೇವು ಹಗ್ಗ ಬಿಗಿದಿದ್ದ. ಕಿಟಕಿಯ ಪಕ್ಕ ಗಗನ. ಅವಳ ಕತ್ತು ವ್ಯಾನಿನ ಕುಲುಕಾಟಕ್ಕೆ ತನ್ನದೇ ಕುಲುಕಾಟ ಸೇರಿಸಿಕೊಂಡು ಅತ್ತ ಇತ್ತ ಹೋಗುತ್ತಿತ್ತು, ವೀಣ ಅವಳ ಸೊಂಟಕ್ಕೆ ಕೈ ಸುತ್ತಿ ಹಿಡಿದಿದ್ದಳು. ಇಷ್ಟು ಜನಕ್ಕೆ, ಇಷ್ಟು ಊರುಗೋಲಿಗೆ, ನೀರಿನ ಕ್ಯಾನಿಗೆ, ಒಂದು ಹಾರ್ಮೋನಿಯಂಗೆ ಈ ಹಳೇ ವ್ಯಾನಿನಲ್ಲಿ ಜಾಗವಾಗಿದೆಯಲ್ಲ ಎಂದುಕೊಂಡಳು, ಅಂದುಕೊಂಡಿದ್ದೇ ಕಿವಿ ಬಿಸಿಯಾಯಿತು. ವ್ಯಾನಲ್ಲಿ ಜಾಗ ಎಲ್ಲದೆ, ಎಂದಿದ್ದಳು ಅವಳು, ಒಂಬತ್ತು ವರ್ಷದ ಹಿಂದೆ, ತನ್ನ ಬೀಗರೂಟಕ್ಕೆ ಹೊರಡುವಾಗ. ಕನ್ನಡಿಯನ್ನು ನೋಡಿಕೊಂಡೇ ಅಂದಿದ್ದಳು, ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿರಲಿಲ್ಲ. ಮದುವೆಯಾಗಿ ಐದನೆಯ ದಿನ, ಗಂಡಿನ ಕಡೆಯವರಿಗೆ ವೀಣಳ ತವರಿನವರು ಛತ್ರದಲ್ಲಿ ಹಾಕಿಸಿದ ಬೀಗರೂಟ; ಗಗನುನ್ನ ಹೆಂಗೆ ಮಾಡದವ್ವ ಎಂದು ಅವ್ವ ಕೇಳಿದ್ದಳು. ಗಗನ ಆಗಲೇ ಗಿಳಿಹಸಿರು ಸೀರೆ ಉಡಿಸಿಕೊಂಡು, ಮಲ್ಲಿಗೆ ಮುಡಿಸಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಕರೆದುಕೊಂಡು ಬರಬೇಡಿ ಎಂದು ತಾನು ಹೇಳಿಲ್ಲ, ವ್ಯಾನಿನ ವಿಷಯ ಹೇಳಿದೆ ಅಷ್ಟೆ, ಎಂದು ವೀಣ ಒಂಬತ್ತು ವರ್ಷದಿಂದ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಬಂದಿದ್ದಳು. ಆದರೆ ಅವತ್ತು ವ್ಯಾನಿನ ಕೊನೆಯ ಸೀಟಿನ ಮೇಲೆ ಮೂರು ಬಾಳೆಗೊನೆ ಕೂತು ಬಂದವು. ಆ ಗೊನೆಗಳು ಅವಳಿಗೆ ಈಗಲೂ ಲೆಕ್ಕ ತಪ್ಪದೆ ನೆನಪಿವೆ.

ಅವಳಿಗೆ ಹೆದರಿಕೆಯಿದ್ದದ್ದು ಗಗನಳ ಬಗ್ಗೆ ಅಲ್ಲ. ಗಂಡನ ಊರಾದ ಮದ್ದೂರಿನ ಮುನ್ನೂರು ಜನ ಆ ಆಡುವ ಕತ್ತನ್ನು, ಸೊಟ್ಟಗಾಗುವ ಬೆರಳನ್ನು, ತುಟಿಯಂಚಿನ ಜೊಲ್ಲನ್ನು ನೋಡಿ, ಅಲ್ಲಿಂದ ಕಣ್ಣು ತೆಗೆದು ನೇರವಾಗಿ ತನ್ನ ಹೊಟ್ಟೆಯನ್ನು ನೋಡುತ್ತಾರೆ ಎಂಬ ಹೆದರಿಕೆ. ಆಮೇಲೆ ಇಬ್ಬರು ಮಕ್ಕಳಾದರು, ಇಬ್ಬರೂ ಮನೆಯ ಮಾಡು ಕಿತ್ತುಹೋಗುವ ಹಾಗೆ ಕುಣಿಯುತ್ತಾರೆ, ಹೆದರಿಕೆ ಎಂದೋ ಹೋಯಿತು. ಹೆದರಿದ್ದೆನೆಂಬ ನಾಚಿಕೆ ಮಾತ್ರ ಹಾಗೇ ಉಳಿಯಿತು. ಗಗನ ಇದರ ಬಗ್ಗೆ ಒಂದು ದಿನವೂ ಎತ್ತಿ ಆಡಿದವಳಲ್ಲ. ಅವಳ ಕಾಟವೇ ಬೇರೆ. ಯಾರದೇ ಮದುವೆಗೆ, ತಿಥಿಗೆ, ಗೃಹಪ್ರವೇಶಕ್ಕೆ ಮನೆಯವರು ಹೋಗಿಬಂದರೂ ಚಪ್ಪಲಿ ಬಿಡುವ ಮೊದಲೇ ಎರಡು ಪ್ರಶ್ನೆ ಸಿದ್ಧ. ಏನೇನು ಹಾಕಿದ್ದರು? ಏನು ಕೊಂಕು ತೆಗೆದರು? ಹೀಗೆ ಕೂತಲ್ಲೇ ಅವಳು ಮಂಡ್ಯ ಸೀಮೆಯ ಊಟಗಳಲ್ಲಿ ಪಂಡಿತೆಯಾಗಿದ್ದಳು. ಎಲೆಗೆ ಮೊದಲು ಏನು ಬೀಳಬೇಕು, ಕುರಿಕರುಳಿನ ಬೋಟಿ ಗೊಜ್ಜು ಮುದ್ದೆಗೆ ಮುಂಚೆಯೋ ಜೊತೆಗೋ, ಯಾವ ಊರಿನ ಅಡುಗೆ ಭಟ್ಟರ ಕೈಯಲ್ಲಿ ಚೆಕ್ಕೆ ಲವಂಗ ಜಾಸ್ತಿ, ಯಾವ ಬೀಗ ತುಂಡು ಚಿಕ್ಕದಾಯಿತೆಂದು ಎಲೆ ಮಡಿಸಿ ಎದ್ದ, ಎಲ್ಲವೂ ಅವಳ ಬಾಯಲ್ಲಿ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಳೆದೆಳೆದು, ತಪ್ಪಿಲ್ಲದೆ ಬರುತ್ತಿತ್ತು. ಕೊಂಕಿಲ್ಲದ ಬೀಗರೂಟ ಬೀಗರೂಟವೇ ಅಲ್ಲ ಎಂಬುದು ಅವಳ ಸಿದ್ಧಾಂತ. ವೀಣಳ ಬೀಗರೂಟದಲ್ಲಿ ಏನು ಹಾಕಿದ್ದರೆಂದು ವೀಣ ಹೇಳಿದ್ದಳು. ಏನು ಕೊಂಕು ತೆಗೆದರೆಂದು ಕೇಳಿದಾಗೆಲ್ಲ, ಏನೂ ಇಲ್ಲ ಎಂದು ಮಾತು ತೇಲಿಸಿದ್ದಳು.

ಅವತ್ತಿನ ಶಿಬಿರದ ಊಟದ ಜವಾಬ್ದಾರಿ ಕೆರಗೋಡಿನ ಹತ್ತಿರ ರೈಸ್ ಮಿಲ್ ಇಟ್ಟಿದ್ದ ಚಿಕ್ಕಣ್ಣ ಎಂಬವರದು. ರಸ್ತೆ ಪಕ್ಕದ ಸಮುದಾಯ ಭವನದಲ್ಲಿ ಟೊಮ್ಯಾಟೊ ಬಾತು, ಮೊಸರನ್ನ ಹಾಕಿಸುತ್ತೇನೆ, ಶಾಮಿಯಾನ ಹಾಕಿರುತ್ತೆ, ಗುರುತು ಸಿಗುತ್ತೆ ಎಂದಿದ್ದರಂತೆ. ಮಹದೇವುವಿಗೆ ಮೊದಲು ಸಿಕ್ಕ ಶಾಮಿಯಾನ ಸಾಕಾಯಿತು. ಅವನು ವ್ಯಾನು ತಿರುಗಿಸುವುದಕ್ಕೂ, ಬಿಳೀ ಪಂಚೆಯುಟ್ಟ ನಾಲ್ಕು ಜನ ಗೇಟಿನಿಂದ ಓಡಿಬರುವುದಕ್ಕೂ ಸರಿಹೋಯಿತು. ಊಟದ ಮನೆಗೆ ವ್ಯಾನು ಬಂದರೆ ಯಾರ ವ್ಯಾನು ಎಂದು ಕೇಳುವ ಪದ್ಧತಿ ಈ ಸೀಮೆಯಲ್ಲಿಲ್ಲ. ಅದರಲ್ಲೂ ಬೀಗರೂಟವಾದರೆ ಗಂಡಿನವರು ಇವರು ಹೆಣ್ಣಿನ ಕಡೆಯವರು ಎಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯವರು ಎಂದುಕೊಳ್ಳುತ್ತಾರೆ. ಬಾಯಿಬಿಟ್ಟು ಕೇಳಿದರೆ ಹೊಸ ಸಂಬಂಧ ಅಲ್ಲೇ ಹುಳಿಯಾಗುತ್ತದೆ. ಬಿಳೀ ಪಂಚೆಯವರು ಮೇಲೆ ಹತ್ತಿ ಕುರ್ಚಿ ಇಳಿಸಿದರು, ಬಿಚ್ಚಲು ಬಾರದೆ ಒಬ್ಬರನ್ನೊಬ್ಬರು ಬೈದುಕೊಂಡರು, ಕೊನೆಗೆ ಎಂಟು ವರ್ಷದ ಹುಡುಗಿ ವ್ಯಾನಿನಿಂದಲೇ ಹೇಳಿಕೊಟ್ಟಳು. ರವಿಚಂದ್ರ ಎಲ್ಲರಿಗಿಂತ ಮುಂಚೆ ಇಳಿದು, ಸಾಲಾಗಿ ನಿಂತ ಗಂಡಸರ ಕೈಯನ್ನೆಲ್ಲ ಕುಲುಕುತ್ತ, ಊಟ ಆಯ್ತಾ, ಊಟ ಆಯ್ತಾ ಎಂದು ಕೇಳುತ್ತ ಹೋದ. ಇಷ್ಟು ಸಲಿಗೆಯಿಂದ ಕೇಳುವವನು ಹುಡುಗಿಯ ಸೋದರಮಾವನ ಮಗನಲ್ಲದೆ ಇನ್ನಾರು ಎಂದು ಅವರು ತೀರ್ಮಾನಿಸಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

ಬಾಗಿಲಲ್ಲಿ ದೊಡ್ಡ ಫ್ಲೆಕ್ಸು. ಗಂಡು ಹೆಣ್ಣು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಫೋಟೋ, ಮೇಲೆ ದಪ್ಪಕ್ಷರದಲ್ಲಿ ಬೀಗರ ಔತಣಕೂಟಕ್ಕೆ ಸುಸ್ವಾಗತ. ಗಗನಳ ಕುರ್ಚಿ ತಳ್ಳುತ್ತಿದ್ದ ವೀಣ ಅದನ್ನು ಓದಿದಳು, ಇನ್ನೊಮ್ಮೆ ಓದಿದಳು, ಕಾಲು ಮಾತ್ರ ನಿಲ್ಲಲಿಲ್ಲ. ಒಳಗಿನಿಂದ ಮಸಾಲೆಯ ಘಮ ಬಂತು. ಅವಳ ತೋಳು ಹಿಡಿದು ನಡೆಯುತ್ತಿದ್ದ ಮೇಷ್ಟ್ರು ಮೂಗರಳಿಸಿದರು.

"ಟಮಾಟೆ ಬಾತು ಅಂದಿದ್ದ ಚಿಕ್ಕಣ್ಣ. ಇದು ಮರಿ ವಾಸ್ನೆ ಕಣಮ್ಮ," ಎಂದರು. "ಪುಣ್ಯಾತ್ಮ ಮನಸ್ಸು ಬದ್ಲಾಯಿಸವ್ನೆ."

ಈಗ ಹೇಳಬೇಕಾಗಿತ್ತು. ಮೇಷ್ಟ್ರೆ, ಇದು ನಮ್ಮ ಊಟ ಅಲ್ಲ, ತಿರುಗಿಸಿ ಎಂದು ಹೇಳಲು ಬಾಯಿ ತೆರೆದವಳಿಗೆ ಗಗನಳ ನೆತ್ತಿ ಕಾಣಿಸಿತು. ಆಡುವ ಆ ತಲೆ ಮುಂದಕ್ಕೆ ಬಾಗಿ, ಸಾಲಾಗಿ ಹಾಸಿದ ಬಾಳೆ ಎಲೆಗಳನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿತ್ತು. ಇಪ್ಪತ್ತೊಂಬತ್ತು ವರ್ಷದವಳು, ನೂರಾರು ಊಟಗಳನ್ನು ಬಾಯಿಪಾಠ ಮಾಡಿದವಳು, ಪಂಕ್ತಿಯಲ್ಲಿ ಕೂರುವುದು ಇದೇ ಮೊದಲು. ಇಲ್ಲಿಂದ ಎಬ್ಬಿಸಬೇಕು. ಎಬ್ಬಿಸುವವಳು ಮತ್ತೆ ತಾನೇ. ಒಂಬತ್ತು ವರ್ಷದ ಹಿಂದೆ ಬಾಗಿಲಿಂದ ಆಚೆಗೇ ತಡೆದಿದ್ದೆ, ಈಗ ಎಲೆಯ ಮುಂದಿನಿಂದ ಎಬ್ಬಿಸುತ್ತೇನೆ, ಎಂದುಕೊಂಡಳು. ಹಾಗಂದುಕೊಂಡಿದ್ದೇ ತಡ, ಹೊಟ್ಟೆಯ ಆಳದಿಂದ ಬೆಳಗಿನ ಆ ಹಾಳು ನಗು ಉಕ್ಕಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಕುರ್ಚಿಯನ್ನು ಟೇಬಲ್ಲಿನ ಅಡಿಗೆ ನೂಕಿದಳು. ಕುರ್ಚಿಯ ಕೈ ಟೇಬಲ್ಲಿಗೆ ಸರಿಯಾಗಿ ಕೂತಿತು, ಅದಕ್ಕೆಂದೇ ಅಳತೆ ತೆಗೆದು ಮಾಡಿಸಿದ ಹಾಗೆ. ಇನ್ನು ಯಾರು ಏನೆಂದರೂ ಊಟ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.

ಎಲೆಗಳಿಗೆ ನೀರು ಚಿಮುಕಿಸಿದರು. ಉಪ್ಪು ಬಂತು, ಈರುಳ್ಳಿ ನಿಂಬೆಹಣ್ಣು ಬಂತು, ಬೋಟಿ ಗೊಜ್ಜು ಬಂತು, ಮೊಟ್ಟೆ ಬಂತು. ಗಗನ ಒಂದೊಂದು ಬಿದ್ದಾಗಲೂ ತನ್ನ ಪಾಠದ ಜೊತೆ ತಾಳೆ ನೋಡಿ ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಸುವಿಕೆಯಲ್ಲಿ ಕಾಯಿಲೆಯದೆಷ್ಟು, ಒಪ್ಪಿಗೆಯದೆಷ್ಟು ವೀಣಳಿಗೆ ಮಾತ್ರ ತಿಳಿಯುತ್ತಿತ್ತು. ಆಚೆ ಕೂತ ಅಂಚೆ ನೌಕರ ಅವಸರದಲ್ಲಿ ಗೊಜ್ಜಿಗೆ ಕೈ ಹಾಕಿದಾಗ, ಮುದ್ದೆ ಬರಲಿ ತಡೀರಿ ಎಂದು ಗಗನ ಎಳೆದೆಳೆದು ಗದರಿದಳು, ಆತ ಕೈ ಹಿಂದಕ್ಕೆ ತೆಗೆದ. ಮುದ್ದೆ ಬಂತು, ಸಾರು ಬಂತು, ತುಂಡು ಬಂತು. ವೀಣ ಪಕ್ಕದಲ್ಲಿ ನಿಂತು ಮುದ್ದೆ ಮುರಿದು ಬಾಯಿಗಿಡಲು ಹೋದರೆ ಗಗನ ತುಟಿ ಬಿಗಿದು ಮುಖ ತಿರುಗಿಸಿದಳು. ತನ್ನ ಸರಿಯಿದ್ದ ಎಡಗೈಯಲ್ಲಿ ತಾನೇ ಮುರಿದು, ತಾನೇ ಸಾರಿನಲ್ಲಿ ಅದ್ದಿ, ದಾರಿಯಲ್ಲಿ ಅರ್ಧ ಚೆಲ್ಲಿ, ಉಳಿದರ್ಧವನ್ನು ನುಂಗಿದಳು. ಎದುರು ಸಾಲಿನ ಹೆಂಗಸರು ನೋಡಿದರು. ನೋಡಿ, ಅಲ್ಲಿಂದ ಕಣ್ಣು ತೆಗೆದು ತಮ್ಮ ತಮ್ಮ ಎಲೆಯ ತುಂಡಿನ ಕಡೆಗೆ ಹೋದರು. ಅಷ್ಟೆ. ಇಷ್ಟಕ್ಕೆ ಒಂಬತ್ತು ವರ್ಷ ಎಂದು ವೀಣಳಿಗೆ ಅನ್ನಿಸಿತು.

ಅಷ್ಟರಲ್ಲಿ ಮೇಷ್ಟ್ರ ಜೇಬಿನ ಮಾತಾಡುವ ಫೋನು ಹೆಣ್ಣು ದನಿಯಲ್ಲಿ ಜೋರಾಗಿ, ಚಿಕ್ಕಣ್ಣ ರೈಸ್ ಮಿಲ್, ಚಿಕ್ಕಣ್ಣ ರೈಸ್ ಮಿಲ್ ಎಂದು ಕೂಗಿಕೊಂಡಿತು. ಮೇಷ್ಟ್ರು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ನಳ್ಳಿ ಮೂಳೆ ಹಿಡಿದು ಕೇಳಿಸಿಕೊಂಡರು. ಬಾತು ಆರಿಹೋಗುತ್ತಿದೆ, ಎಲ್ಲಿದ್ದೀರಿ ಎಂದು ಆ ಕಡೆಯ ದನಿ ಪಕ್ಕದಲ್ಲಿದ್ದ ವೀಣಳಿಗೂ ಕೇಳಿತು. ಮೇಷ್ಟ್ರ ದವಡೆ ನಿಂತಿತು. ಮೂಳೆಯನ್ನು ಒಂದು ಸಲ ಮೂಸಿದರು. ಆಮೇಲೆ, ದಾರಿಯಲ್ಲಿದ್ದೇವೆ ಚಿಕ್ಕಣ್ಣೋರೆ, ಇನ್ನೊಂದು ಅರ್ಧ ಗಂಟೆ ಎಂದು ಶಾಂತವಾಗಿ ಹೇಳಿ ಫೋನಿಟ್ಟರು.

"ವೀಣಮ್ಮ," ಎಂದರು ಮೆಲ್ಲಗೆ, "ನಾವೀಗ ಯಾರ್ ಮನೇದು ಉಣ್ತಾ ಇದೀವಿ?"

"ಗೊತ್ತಿಲ್ಲ ಮೇಷ್ಟ್ರೆ. ಯಾರ್ದೋ ಬೀಗರೂಟ."

"ನಿಂಗ್ ಯಾವಾಗ್ ಗೊತ್ತಾಯ್ತು?"

"ಬಾಗ್ಲಲ್ಲೇ."

ಮೇಷ್ಟ್ರು ಯೋಚಿಸಿದರು. ಅವರಿಗೆ ಕೋಪ ಬರಬಹುದೆಂದು ವೀಣ ಕಾದಳು. ಮಧ್ಯದಲ್ಲಿ ಎದ್ದರೆ ಅನ್ನಕ್ಕೆ ಅವಮಾನ, ಉಂಡ ಮೇಲೆ ಕ್ಷಮೆ ಕೇಳೋಣ, ಹೊಟ್ಟೆ ತುಂಬಿದ್ದರೆ ಧೈರ್ಯವೂ ಇರುತ್ತೆ ಎಂದು ಹೇಳಿ ಅವರು ಮೂಳೆಯನ್ನು ಬಾಯಿಗಿಟ್ಟರು. ವೀಣ ನಗು ತಡೆಯಲಾರದೆ ಟೇಬಲ್ಲಿನ ಅಂಚು ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ರೈಲಿನಲ್ಲಿ ಅಭ್ಯಾಸ ಮಾಡಿದ್ದ ತೇವವಲ್ಲ, ಇದು ಬೇರೆ.

ಆಗಲೇ ಗಂಡಿನ ತಾಯಿ ಬಂದದ್ದು. ಯಶೋದಮ್ಮ, ಯಶೋದಮ್ಮ ಎಂದು ಎಲ್ಲ ಮೂಲೆಯಿಂದ ಕರೆಸಿಕೊಳ್ಳುತ್ತ, ಸಾರಿನ ಬಕೆಟ್ಟು ಸೌಟು ತಾನೇ ಹಿಡಿದು ಸಾಲು ಹಿಡಿದು ಬರುತ್ತಿದ್ದ ದಪ್ಪ ಹೆಂಗಸು. ಜರಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಇವರ ಎದುರಿಗೆ ಬಂದು ನಿಂತಳು. ನಾಲ್ಕು ಗಾಲಿಕುರ್ಚಿ ನೋಡಿದಳು, ಕಪ್ಪು ಕನ್ನಡಕದ ಮೇಷ್ಟ್ರನ್ನು ನೋಡಿದಳು, ಎದ್ದು ಬಂದು ಕೈಕುಲುಕಿದ ರವಿಚಂದ್ರನನ್ನು ನೋಡಿದಳು. ಹೆಣ್ಣಿನ ಕಡೆ ಇಷ್ಟೊಂದು ಜನ ಇಂಥವರು ಇದ್ದಾರೆಂದು ಯಾರೂ ಹೇಳಿರಲಿಲ್ಲವಲ್ಲ ಎಂಬ ಲೆಕ್ಕಾಚಾರ ಆಕೆಯ ಕಣ್ಣಲ್ಲಿ ಹಾದುಹೋದದ್ದು ವೀಣಳಿಗೆ ಚೆನ್ನಾಗಿ ಗೊತ್ತಾಯಿತು. ಆ ಲೆಕ್ಕಾಚಾರದ ಬಗ್ಗೆ ಅವಳಿಗಿಂತ ಚೆನ್ನಾಗಿ ತಿಳಿದವರು ಅಲ್ಲಿ ಯಾರಿದ್ದರು.

"ಯಾರ್ ಮನೆಯೋರವ್ವ ನೀವು?" ಎಂದಳು ಯಶೋದಮ್ಮ.

ಪಕ್ಕದಲ್ಲಿ ಮರಿತಾಯಮ್ಮನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಆ ಪ್ರಶ್ನೆ ಮರಿತಾಯಮ್ಮನಿಗೆ ತಾಗುವ ಜಾಗವೇ ಬೇರೆ ಎಂದು ವೀಣಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಇಂಥ ಊಟದ ಮನೆಗಳಲ್ಲಿ ಆ ಪ್ರಶ್ನೆಗೆ ಯಾವ ಜಾತಿಯ ಉತ್ತರ ಕೊಟ್ಟರೆ ಎಲೆ ಪಂಕ್ತಿಯಿಂದಾಚೆ ಎಲ್ಲಿಗೆ ಹೋಗುತ್ತದೆಂದು ಆಕೆಯ ಅತ್ತೆ ಮಾವ ಕಣ್ಣಾರೆ ಕಂಡವರು. ಏನಾದರೂ ಸುಳ್ಳು ಹೇಳಬೇಕು, ಚನ್ನಪಟ್ಟಣದವರು, ಹುಡುಗಿಯ ದೊಡ್ಡಪ್ಪನ ಕಡೆಯವರು, ಏನಾದರೂ. ವೀಣಳಿಗೆ ತನ್ನ ಬೀಗರೂಟದ ದಿನವೂ ಒಂದು ಸುಳ್ಳು ಥಟ್ಟನೆ ಬಂದಿತ್ತು, ತಂಗಿಗೆ ಜ್ವರ ಎಂದಿದ್ದಳು. ಈಗ ಬರಲಿಲ್ಲ.

"ನಾವ್ ಯಾರ್ ಕಡೆಯೋರೂ ಅಲ್ಲ," ಎಂದಳು ಗಗನ. ನಿಧಾನವಾಗಿ, ಸಾರು ನುಂಗಿ, ಒಂದೊಂದೇ ಮಾತನ್ನು ಕತ್ತಿನ ಆಟದಿಂದ ಬಿಡಿಸಿಕೊಳ್ಳುತ್ತ. ಯಶೋದಮ್ಮ ಬಕೆಟ್ಟು ಹಿಡಿದುಕೊಂಡೇ ಕಾದಳು. "ಶಿಬಿರದೋರು. ಊಟ ಬೇರೆ ಕಡೆ ಇತ್ತು. ಬಾಗ್ಲಲ್ಲಿ ಬರ್ದಿತ್ತಲ್ಲ, ನಾನೂ ಓದ್ದೆ. ಸುಮ್ಕಿದ್ದೆ." ಮತ್ತೆ ಉಸಿರೆಳೆದುಕೊಂಡಳು. "ಇವ್ಳು ನಮ್ಮಕ್ಕ. ಅವಳ ಬೀಗರೂಟುಕ್ಕೆ ನಮ್ಮವ್ವ ನನ್ ಬುಟ್ಟೋಗಿತ್ತು. ಅದುಕ್ಕೆ ನಿಮ್ಮನೇದು ಉಂಡೋಗದು ಅಂತ."

ಸಾಲಿಗೆ ಸಾಲೇ ಅಗಿಯುವುದನ್ನು ನಿಲ್ಲಿಸಿತ್ತು. ವೀಣಳ ಬಾಯಿ ತಾನಾಗಿ ತೆರೆದುಕೊಂಡಿತು, ಅದರೊಳಗಿಂದ ನಗುವೇ ಬರುತ್ತದೆ ಎಂದುಕೊಂಡಿದ್ದಳು, ಮಾತು ಬಂತು.

"ಅವ್ವ ಅಲ್ಲ," ಎಂದಳು. "ನಾನು. ನಾನೇ ಬ್ಯಾಡ ಅಂದಿದ್ದು. ವ್ಯಾನಲ್ಲಿ ಜಾಗ ಇತ್ತು."

ಯಶೋದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಪರಿಚಿತಳ ಎದುರಿಗೆ, ಇಷ್ಟು ಜನರ ನಡುವೆ, ಕೈಗೆಲ್ಲ ಸಾರು ಮೆತ್ತಿಕೊಂಡು ನಿಂತಿದ್ದಕ್ಕೆ ವೀಣಳಿಗೆ ಅವಮಾನವಾಗಬೇಕಿತ್ತು. ಆಯಿತು ಕೂಡ, ಆದರೆ ಅದರ ಜೊತೆಗೇ ರೈಲು ಇಳಿದ ಮೇಲೆ ಬರುವಂಥ ಒಂದು ಹಗುರ, ಕಾಲ ಕೆಳಗಿನ ನೆಲ ಇನ್ನೂ ಓಡುತ್ತಿರುವಂಥ ತೂರಾಟ.

"ಅವತ್ತು ನೀನು ಉಂಡ್ಯಾ?" ಎಂದು ಕೇಳಿದಳು ಯಶೋದಮ್ಮ.

"ಉಂಡೆ," ಎಂದಳು ವೀಣ. ಎರಡು ಸಲ ಬೋಟಿ ಹಾಕಿಸಿಕೊಂಡಿದ್ದಳು, ಅದನ್ನು ಮಾತ್ರ ಹೇಳಲಿಲ್ಲ.

ಮೇಷ್ಟ್ರು ಎದ್ದು ನಿಂತು, ಎಂಜಲು ಕೈಯನ್ನೇ ಜೋಡಿಸಲು ಹೋಗಿ, ತಪ್ಪಾಯಿತು ತಾಯಿ ಎಂದು ಶುರುಮಾಡಿದರು. ಯಶೋದಮ್ಮ ಅವರನ್ನು ಕೂರಿಸಿದಳು. ಎಷ್ಟು ಜನ ಎಂದು ಕೇಳಿ, ಹದಿನೇಳು ಎಂದದ್ದಕ್ಕೆ, ಮೊದಲೇ ಒಂದು ಮಾತು ತಿಳಿಸಿದ್ದರೆ ಇನ್ನೊಂದು ಮರಿ ಕುಯ್ಯಿಸುತ್ತಿದ್ದೆವಲ್ಲ, ಈಗ ಕೊನೇ ಪಂಕ್ತಿಗೆ ತುಂಡು ಕಮ್ಮಿಯಾದರೆ ಬೀಗರ ಮುಂದೆ ಮಾನ ಹೋಗುವುದು ನನ್ನದು ಎಂದು ಗೊಣಗಿದಳು. ಗೊಣಗುತ್ತಲೇ ಎಲ್ಲರ ಎಲೆಗೂ ಸೌಟು ಬಗ್ಗಿಸಿದಳು, ಮರಿತಾಯಮ್ಮನ ಎಲೆಗೂ ಅದೇ ಸೌಟು. ಆ ಮೊದಲಿನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತೋ ವೀಣಳಿಗೆ ತಿಳಿಯದು. ಮರಿತಾಯಮ್ಮ ತಲೆ ಎತ್ತದೆ ಮತ್ತೆ ಮುದ್ದೆ ಮುರಿದಳು. ಗಗನಳ ಪಕ್ಕಕ್ಕೆ ಒಂದು ಕುರ್ಚಿ ಎಳೆಸಿ, ಎಲೆ ಹಾಕಿಸಿ, ನಿಂತವಳು ಕೂತು ಉಣ್ಣಬೇಕೆಂದು ವೀಣಳಿಗೆ ಅಪ್ಪಣೆ ಮಾಡಿ ಯಶೋದಮ್ಮ ಮುಂದಿನ ಸಾಲಿಗೆ ಹೋದಳು.

ಅಕ್ಕತಂಗಿಯರು ಒಂದು ಸಾಲಿನಲ್ಲಿ ಅಕ್ಕಪಕ್ಕ ಕೂತರು. ಸುತ್ತ ಗದ್ದಲ ಮತ್ತೆ ಎದ್ದಿತು. ರವಿಚಂದ್ರ ಉಣ್ಣುವುದನ್ನು ಬಿಟ್ಟು ಮದುಮಗನನ್ನು ಹುಡುಕಿಕೊಂಡು ಹೋಗಿ, ಊಟ ಆಯ್ತಾ ಎಂದು ಕೇಳುತ್ತಿದ್ದ. ವೀಣಳಿಗೆ ಹಸಿವು ಇಷ್ಟೊಂದಿತ್ತೆಂದು ಮೊದಲ ತುತ್ತು ಇಳಿದ ಮೇಲೆ ತಿಳಿಯಿತು.

"ಅಕ್ಕ," ಎಂದಳು ಗಗನ, ಎಲೆಯನ್ನೇ ನೋಡುತ್ತ. "ನಿನ್ ಊಟ್ದಲ್ಲಿ ಏನ್ ಕೊಂಕು ತಗುದ್ರು? ಇವತ್ತಾದ್ರೂ ಹೇಳು."

ವೀಣ ತುತ್ತನ್ನು ಕೈಯಲ್ಲೇ ಹಿಡಿದಳು. ಗಂಡನ ತಾತ ಕೆಂಪಯ್ಯ, ಎಂಬತ್ತು ದಾಟಿದ ಮುದುಕ, ಅವತ್ತು ಎಲೆ ಮುಂದೆ ಕೂತು ಕೈ ಕೂಡ ತೊಳೆಯದೆ ಸಾಲನ್ನೆಲ್ಲ ಕಣ್ಣಲ್ಲೇ ಎಣಿಸಿದ್ದ. ಆಮೇಲೆ ಮದುಮಗಳನ್ನೇ ಕರೆದು ಕೇಳಿದ್ದ. ಮುಚ್ಚಿಟ್ಟೆವೆಂದುಕೊಂಡದ್ದು ಮದ್ದೂರಿಗೆಲ್ಲ ಮೊದಲೇ ಗೊತ್ತಿತ್ತು.

"ತುಂಡಿಗಲ್ಲ, ಸಾರಿಗಲ್ಲ," ಎಂದಳು ವೀಣ. "ನಿಮ್ಮನೇಲಿ ಇನ್ನೊಂದ್ ಹೆಣ್ಮಗ ಅದಂತಲ್ಲ, ಯಾಕ್ ಕಾಣ್ದು, ಅದುನ್ನ ಬುಟ್ಟು ಇದೆಂತ ಊಟ, ಅಂದ್ರು ತಾತ. ನಾನು ಜ್ವರ ಅಂದ್ಬುಟ್ಟೆ."

ಗಗನ ಅಗಿದಳು. ಅವಳ ಕತ್ತು ಒಂದು ಸುತ್ತು ಹೋಗಿ ಬಂದು ಅಕ್ಕನ ಮುಖದ ಎದುರಿಗೆ ನಿಂತಿತು.

"ಸರಿಯಾಗೇ ಅಂದವ್ನೆ ಮುದ್ಕ," ಎಂದಳು.

ಯಶೋದಮ್ಮ ಬಕೆಟ್ಟು ತುಂಬಿಸಿಕೊಂಡು ಮತ್ತೆ ಆ ಸಾಲಿಗೆ ಬರುತ್ತಿದ್ದಳು. ಗಗನ ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು, ಜನ್ಮದಲ್ಲಿ ಮೊದಲ ಸಲ, ಸಾಲಿಗೆಲ್ಲ ಕೇಳಿಸುವ ಹಾಗೆ ತನ್ನ ಕೊಂಕು ತೆಗೆದಳು.

"ಸಾರಿಗೆ ಉಪ್ಪು ಕಮ್ಮಿ ಆಗದೆ."

ಯಶೋದಮ್ಮ ನಿಂತಳು. ಶಿಬಿರದವರು, ಎದುರು ಸಾಲಿನ ಹೆಂಗಸರು, ಸೌಟು ಹಿಡಿದ ಯಶೋದಮ್ಮ, ಎಲ್ಲರೂ ಹೌದೇ ಎಂಬಂತೆ ವೀಣಳ ಕಡೆ ನೋಡಿದರು. ವೀಣ ಸಾರಿಗೆ ಬೆರಳು ಅದ್ದಿ ನಾಲಿಗೆಗಿಟ್ಟು ನೋಡಿದಳು. ಉಪ್ಪು ಹಿಡಿದು ತೂಗಿದಂತೆ ಸರಿಯಾಗಿತ್ತು.

"ಹೂಂ ಕಣಮ್ಮ," ಎಂದಳು ಯಶೋದಮ್ಮನಿಗೆ, "ನನ್ ತಂಗಿ ಹೇಳಿದ್ದು ನಿಜ. ಕಮ್ಮಿ ಅದೆ."